ಮಣ್ಣು ನಂಚಿಕೊಂಡು

ಬಾಯಿಗೆ ಮಣ್ಣು ಬೀಳಲಿ ಎಂದರೆ ನಮ್ಮಲ್ಲಿ ಶಾಪ.
ಇಲ್ಲಿ, ತಿತಿಕಾಕಾ ಸರೋವರದ ದಂಡೆಯ ಭಾನುವಾರದ ಸಂತೆಯಲ್ಲಿ
ಅದು ಮಧ್ಯಾಹ್ನದ ಊಟ.

ನಿಕಾಸಿಯಾ ಅಪಾಸಾ ಕೂತಿದ್ದಾಳೆ ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲೆ.
ಮುಂದೆ ಬೂದು ಹೆಂಟೆಗಳ ಗುಡ್ಡೆ.
ಒಂದನ್ನು ಮುರಿಯುತ್ತಾಳೆ, ನಾಲಿಗೆಯ ತುದಿಗೆ ತಾಗಿಸುತ್ತಾಳೆ.
ಅಂಟಿಕೊಂಡರೆ ತಿನ್ನಲು,
ಹಲ್ಲಿಗೆ ಮರಳು ಸಿಕ್ಕರೆ
ಗೋಡೆ ಮೆತ್ತಲು.

ಬೆಟ್ಟದ ಮೇಲಿನವಳು ಇಳಿದು ಬಂದಳು, ಬೆನ್ನಲ್ಲಿ ಲೂಕಿ ಗಡ್ಡೆಯ ಗಂಟು.
ಕಹಿ ಆಲೂಗಡ್ಡೆ, ಹೆಬ್ಬೆರಳಿನಷ್ಟು, ನೇರಳೆ.
ಹಣದ ಮಾತಿಲ್ಲ.
ಒಂದು ಬಟ್ಟಲು ಮಣ್ಣಿಗೆ ಮೂರು ಬಟ್ಟಲು ಗಡ್ಡೆ.
ನೆಲದೊಳಗೆ ಆ ಗಡ್ಡೆಯ ಬೇರೂ ಹೀಗೇ ಬದುಕಿದ್ದು:
ಒಂದು ಹನಿ ಹುಳಿ ಕೊಟ್ಟು
ಮಣ್ಣಿನ ಕೈಯಿಂದ ಒಂದು ಕಣ ಪೊಟ್ಯಾಸಿಯಂ ಬಿಡಿಸಿಕೊಂಡು,
ರಾತ್ರಿಯಿಡೀ, ದೀಪವಿಲ್ಲದ ಸಂತೆ.

ಮೊಮ್ಮಗ ಎಲ್ಮರ್ ಪುನೊದಲ್ಲಿ ಓದುತ್ತಾನೆ.
ಅಜ್ಜಿಯ ಹೆಂಟೆಯೊಂದನ್ನು ಪುಡಿಮಾಡಿ ಎಕ್ಸ್-ರೇಗೆ ಹಿಡಿದು ಬಂದಿದ್ದಾನೆ.
"ಇದು ಮುದ್ದೆಯಲ್ಲ ಅಜ್ಜಿ, ಹಾಳೆ ಹಾಳೆ.
ಹಾಳೆಯ ನಡುವೆ ನೀರು. ನೀರು ಕುಡಿದರೆ ಉಬ್ಬುತ್ತದೆ."
"ನಾನೂ," ಎಂದಳು, ಊದಿದ ಕಾಲು ಚಾಚಿ.

ಅವನು ಬಿಡಲಿಲ್ಲ.
ಸಿಲಿಕಾನಿನ ಮಣೆಯ ಮೇಲೆ, ಎಂದೋ, ಹುಟ್ಟುವ ಹೊತ್ತಿಗೇ
ಅಲ್ಯುಮಿನಿಯಂ ಬಂದು ಕೂತುಬಿಟ್ಟಿತಂತೆ.
ನಾಲ್ಕು ತರಬೇಕಾದಲ್ಲಿ ಮೂರೇ ತಂದಿತ್ತು.
ಆ ಒಂದರ ಕೊರತೆ ಬಂಡೆ ಕರಗಿದರೂ ತೀರದು.
ಅವನು ಸ್ಪ್ಯಾನಿಷ್‌ನಲ್ಲಿ ಏನೋ ಒಂದು ಹೆಸರು ಹೇಳಿದ.
ನನ್ನ ಭಾಷೆಯಲ್ಲಿ ಅದು ಋಣ.
ವಿದ್ಯುತ್ತಿಗೂ ಅದೇ ಮಾತು, ಅನ್ನಕ್ಕೂ ಅದೇ.
ಋಣವಿರುವ ಮನೆಯ ಬಾಗಿಲು ಮುಚ್ಚುವುದಿಲ್ಲ:
ಸುಣ್ಣ ಬಂತು, ಕೂರು. ಪೊಟ್ಯಾಸಿಯಂ ಬಂತು, ಕೂರು.
ಯಾರೋ ಹೊಸಬರು ಬಂದರೆ ಹಳಬರು ಎದ್ದು ಜಾಗ ಬಿಟ್ಟರು.

ಲೂಕಿಗೆ ಕಹಿ ಸುಮ್ಮನೆ ಬಂದದ್ದಲ್ಲ.
ಕಳೆದ ಫೆಬ್ರುವರಿಯ ಒಂದೇ ರಾತ್ರಿಯ ಮಂಜಿಗೆ
ಪಕ್ಕದ ಹೊಲದ ಸಿಹಿ ತಳಿ
ಬೆಳಗಿಗೆ ಬೆಂದ ಸೊಪ್ಪಿನ ಹಾಗೆ ಮಲಗಿತ್ತು.
ಲೂಕಿ ನಿಂತಿತ್ತು, ಎಲೆಯ ಅಂಚಷ್ಟೇ ಕಂದು.
ಸಾಯದ ಗಿಡವನ್ನು ತಿಂದವರು ಸಾಯಬಾರದಲ್ಲ,
ಅದಕ್ಕೆ ಈ ಬೂದು ಗೊಜ್ಜು:
ನೀರು, ಉಪ್ಪು, ಮಣ್ಣು.
ಬೆಂದ ಗಡ್ಡೆ ಅದ್ದಿ ಬಾಯಿಗಿಟ್ಟರೆ
ಹೊಟ್ಟೆಯ ಹುಳಿಯಲ್ಲಿ ಕಹಿಗೆ ಧನ ಕೂಡುತ್ತದೆ;
ಧನ ಕಂಡ ಋಣ ಕೈಬಿಟ್ಟೀತೆ?
ಹಾಳೆಗಳ ನಡುವೆ ಎಳೆದುಕೊಂಡು ಕೂರಿಸಿ
ಮಾರನೆಯ ದಿನ ಬಂಡೆಯ ಮರೆಯಲ್ಲಿ
ಮಣ್ಣಿನ ಜೊತೆ ಮಣ್ಣಿಗೇ ಸಲ್ಲಿಸುತ್ತದೆ.

"ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು, ಅಜ್ಜಿ?"
ಅವಳು ಗಡ್ಡೆಯೊಂದರ ಸಿಪ್ಪೆ ಸುಲಿಯುತ್ತಿದ್ದಳು.
"ಮೊದಲು ತಿಂದವಳು ಹೇಳಲು ಉಳಿಯಲಿಲ್ಲ.
ಎರಡನೆಯವಳು
ವಿಕುನ್ಯ ದಿಬ್ಬ ನೆಕ್ಕುವುದನ್ನು ನೋಡುತ್ತ ನಿಂತಿರಬೇಕು,
ಹಸಿದುಕೊಂಡು."

ಎಲ್ಮರ್ ಚೀಲದಿಂದ ಕಾಗದ ತೆಗೆದ. ಎರಡು ಹೆಂಟೆ, ಎರಡು ಗೀರು.
ತಿನ್ನುವುದೂ ಗೋಡೆಯದೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ.
ಅಜ್ಜಿ ಕಾಗದವನ್ನು ತಿರುಗಿಸಿ ನೋಡಿದಳು,
ಮಡಚಿ, ತಕ್ಕಡಿಯ ಕೆಳಗೆ ಅಲುಗದಂತೆ ಇಟ್ಟಳು.
ಒಂದು ಚೂರು ಮುರಿದು ಅವನ ಬಾಯಿಗೆ ಹಿಡಿದಳು.
ನಾಲಿಗೆ ಅಂಟಿತು.
ಎಷ್ಟೋ ಹೇಳಬೇಕಿತ್ತು ಅವನಿಗೆ, ಆಂಗ್‌ಸ್ಟ್ರಮ್‌ಗಳಲ್ಲಿ.

ಬೆಟ್ಟದವಳು ಇನ್ನೂ ಹೊರಟಿರಲಿಲ್ಲ,
ಬಟ್ಟಲನ್ನೇ ನೋಡುತ್ತಿದ್ದಳು.
ಇವಳು ನಿಟ್ಟುಸಿರಿಟ್ಟು
ಮೇಲೊಂದು ಹಿಡಿ ಕೊಸರು ಹಾಕಿದಳು.